ಯೂತ್ ಗ್ರೂಪಿಗೆ ಕೈಯಲ್ಲೇ ಮಾಡಿದ ಪೆಂಡೆಂಟ್: ಡಿಸೈನ್‌ನಿಂದ ಹಿಡಿದು ದಾರದ ಗಂಟಿನವರೆಗೆ

ಚರ್ಚ್ ಯೂತ್ ಗ್ರೂಪಿಗೆ ಗಿಫ್ಟ್ ಕೊಡೋದ್ರಲ್ಲಿ ತಲೆನೋವು ಏನಪ್ಪಾ ಅಂದ್ರೆ ವಯಸ್ಸು. ಹದಿಮೂರರ ಹುಡುಗನೂ ಇರ್ತಾನೆ, ಕಾಲೇಜ್ ಮುಗಿಸಿ ಕೆಲಸಕ್ಕೆ ಸೇರಿರೋ ಹುಡುಗಿನೂ ಇರ್ತಾಳೆ, ಎಲ್ಲರಿಗೂ ಒಂದೇ ಥರದ್ದು ಕೊಡ್ಬೇಕು, ಆದ್ರೆ ಯಾರಿಗೂ ಇದು ಸಂಡೇ ಸ್ಕೂಲ್ ಪುಟಾಣಿಗಳ ಕ್ರಾಫ್ಟ್ ಅನ್ನಿಸ್ಬಾರ್ದು. ಪೆಂಡೆಂಟ್ ಇದಕ್ಕೆ ಚೆನ್ನಾಗಿ ಒಗ್ಗತ್ತೆ, ಆದ್ರೆ ಅವರು ಅದನ್ನ ನಿಜವಾಗ್ಲೂ ಕುತ್ತಿಗೆಗೆ ಹಾಕ್ಕೊಂಡ್ರೆ ಮಾತ್ರ. ಕೊಟ್ಟ ದಿನ ಥ್ಯಾಂಕ್ಯೂ ಹೇಳಿ ಡ್ರಾಯರ್‌ಗೆ ಹಾಕೋ ವಸ್ತು ಮಾಡೋಕೆ ಇಷ್ಟೆಲ್ಲಾ ಒದ್ದಾಡ್ಬೇಕಾಗಿಲ್ಲ. ಅದಕ್ಕೇ ಕೆಳಗೆ ಹೇಳೋ ಪ್ರತಿಯೊಂದು ವಿಷಯಕ್ಕೂ, ಸೈಜ್ ಇರ್ಲಿ ಬಣ್ಣ ಇರ್ಲಿ ದಾರ ಇರ್ಲಿ, ನನ್ನ ಅಳತೆಗೋಲು ಒಂದೇ: ಹಾಕ್ಕೋತಾರಾ ಇಲ್ವಾ.

ಮಣ್ಣು ಬಣ್ಣ ತಗೊಳ್ಳೋಕೂ ಮುಂಚೆ ನಿಮ್ಮ ಫಾದರ್ ಅಥವಾ ಪಾಸ್ಟರ್ ಹತ್ರ ಒಂದು ಮಾತು ಕೇಳಿ. ಕೆಲವು ಸಭೆಗಳಲ್ಲಿ ಒಡವೆ ಹಾಕ್ಕೊಳ್ಳೋದನ್ನೇ ಒಪ್ಪಲ್ಲ, ಅಂಥ ಕಡೆ ಇದೇ ಪೆಂಡೆಂಟ್‌ನ ಕೀಚೈನ್ ಮಾಡಿ ಅಥವಾ ಬ್ಯಾಗ್ ಜಿಪ್ಪಿಗೆ ಸಿಗಿಸೋ ಟ್ಯಾಗ್ ಮಾಡಿ, ಮಾಡೋ ವಿಧಾನ ಒಂದೇ, ದಾರ ಮಾತ್ರ ಬದಲಾಗತ್ತೆ. ಶಿಲುಬೆ ಮಾಡೋದಾದ್ರೂ ಕೇಳ್ಬೇಕು, ಕ್ಯಾಥೋಲಿಕ್ ಮನೆಗಳಲ್ಲಿ ಯೇಸುವಿನ ಪ್ರತಿಮೆ ಇರೋ ಶಿಲುಬೆ ರೂಢಿ, ಬಹಳಷ್ಟು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಖಾಲಿ ಶಿಲುಬೆ. ಕೈಯಲ್ಲಿ ಮಾಡೋರಿಗೆ ಖಾಲಿ ಶಿಲುಬೆನೇ ಸುಲಭ ಅನ್ನೋದು ಬೇರೆ ಮಾತು, ಮೂರು ಸೆಂಟಿಮೀಟರ್ ಜಾಗದಲ್ಲಿ ಮನುಷ್ಯನ ಆಕಾರ ಮಾಡೋಕೆ ಹೋಗ್ಬೇಡಿ, ನೋಡೋರಿಗೂ ಕಷ್ಟ.

ಯಾವ ಚಿಹ್ನೆ

ಶಿಲುಬೆನೇ ಆಗ್ಬೇಕು ಅಂತೇನಿಲ್ಲ, ಅದು ಎಷ್ಟೋ ಮಕ್ಕಳ ಹತ್ರ ಈಗಾಗ್ಲೇ ಇರತ್ತೆ. ಎರಡು ಕಮಾನು ಗೆರೆ ಎಳೆದ್ರೆ ಆಗೋ ಮೀನು ಇದೆ, ಲಂಗರು ಇದೆ, ಇವೆರಡೂ ರೋಮ್‌ನ ಕ್ಯಾಟಕೋಂಬ್ ಅನ್ನೋ ನೆಲದಡಿಯ ಸಮಾಧಿಗಳಲ್ಲೇ ಕಾಣಸಿಗೋ ಅಷ್ಟು ಹಳೇ ಕ್ರೈಸ್ತ ಗುರುತುಗಳು. ಲಂಗರಿಗೆ ಇಬ್ರಿಯ 6:19 ಹೊಂದತ್ತೆ, ನಿರೀಕ್ಷೆ ಅನ್ನೋದು ಆತ್ಮಕ್ಕೆ ಲಂಗರು ಅನ್ನೋ ಮಾತು ಅಲ್ಲೇ ಬರೋದು. ಪಾರಿವಾಳ ಮಾಡಿದ್ರೆ ಮತ್ತಾಯ 3:16, ಯೇಸುವಿನ ದೀಕ್ಷಾಸ್ನಾನದ ಜಾಗ, ಹಾಗಾಗಿ ದೃಢೀಕರಣಕ್ಕೋ ಪೆಂತೆಕೊಸ್ತೆ ಹಬ್ಬಕ್ಕೋ ಕೊಡೋದಾದ್ರೆ ಇದೇ ಸರಿ. ದೀಪಕ್ಕೆ ಕೀರ್ತನೆ 119:105, ಬಳ್ಳಿಗೆ ಯೋಹಾನ 15:5, ಹದ್ದಿನ ರೆಕ್ಕೆಗೆ ಯೆಶಾಯ 40:31. ಟಿ ಆಕಾರದ ತೌ (Tau) ಶಿಲುಬೆನೂ ಇದೆ, ಅಸ್ಸಿಸಿಯ ಸಂತ ಫ್ರಾನ್ಸಿಸ್ ಇದನ್ನ ತಮ್ಮ ಸಹಿಯ ಥರ ಬಳಸ್ತಿದ್ರು, ಇವತ್ತಿಗೂ ಫ್ರಾನ್ಸಿಸ್ಕನ್ನರು ಮರದಲ್ಲಿ ಮಾಡಿ ದಾರಕ್ಕೆ ಕಟ್ಟಿ ಹಾಕ್ಕೋತಾರೆ, ತುಂಬಾ ಸಿಂಪಲ್, ಹುಡುಗರೂ ನಾಚಿಕೆ ಇಲ್ದೆ ಹಾಕ್ಕೋತಾರೆ.

ಹುಡುಗರ ವಿಷಯ ಬಂತಲ್ಲ, ಅದನ್ನ ಇಲ್ಲೇ ಮುಗಿಸ್ಬಿಡೋಣ. ಗ್ಲಿಟರ್ ಬೇಡ, ಹೃದಯದ ಆಕಾರ ಬೇಡ, ಹೊಳೆಯೋ ಗುಲಾಬಿ ಬೇಡ. ಬೂದು, ಕಂದು, ಮಾಸಲು ಬಿಳಿ, ಗಾಢ ನೀಲಿ, ಇಷ್ಟರಲ್ಲೇ ಇರಿ. ಹುಡುಗಿಯರಿಗೆ ಒಂದು ಹುಡುಗರಿಗೆ ಒಂದು ಅಂತ ಎರಡು ಡಿಸೈನ್ ಮಾಡೋ ಆಸೆ ಬರತ್ತೆ, ನಾನಂತೂ ಮಾಡಲ್ಲ, ಒಂದೇ ಗ್ರೂಪ್ ಅಂದ್ಮೇಲೆ ಒಂದೇ ಗುರುತು ಇದ್ರೇನೇ ಚಂದ, ಬೇಕಾದ್ರೆ ದಾರದ ಬಣ್ಣ ಅವರವರೇ ಆರಿಸ್ಕೊಳ್ಲಿ.

ಯಾವುದರಲ್ಲಿ ಮಾಡೋದು, ಎಷ್ಟು ತರೋದು

ಒಂದೇ ಥರದ್ದು ಇಪ್ಪತ್ತು ಮೂವತ್ತು ಮಾಡ್ಬೇಕು ಅಂದಾಗ ನನ್ನ ಮೊದಲ ಆಯ್ಕೆ ಪಾಲಿಮರ್ ಕ್ಲೇ. ಇದು ನಿಜವಾದ ಮಣ್ಣಲ್ಲ, ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆ ಮುದ್ದೆ, ಓವನ್‌ನಲ್ಲಿ ಬೇಯಿಸೋವರೆಗೂ ಒಣಗಿ ಗಟ್ಟಿ ಆಗಲ್ಲ, ಅಂದ್ರೆ ಇವತ್ತು ಅರ್ಧ ನಾಳೆ ಅರ್ಧ ಮಾಡಿದ್ರೂ ತೊಂದ್ರೆ ಇಲ್ಲ, ಮುಚ್ಚಿಟ್ರೆ ಸಾಕು. ಬೆಂದ್ಮೇಲೆ ನೀರು ಬಿದ್ರೂ ಬೆವರು ತಾಗಿದ್ರೂ ಏನೂ ಆಗಲ್ಲ. ಏರ್ ಡ್ರೈ ಕ್ಲೇ ಅಗ್ಗ, ಓವನ್ ಬೇಡ, ಆದ್ರೆ ಒಣಗೋವಾಗ ಕುಗ್ಗತ್ತೆ, ಬಿರುಕು ಬಿಡತ್ತೆ, ಎಷ್ಟು ವಾರ್ನಿಶ್ ಹೊಡೆದ್ರೂ ನೀರಿಗೆ ಹೆದರತ್ತೆ, ದಿನಾ ಹಾಕ್ಕೊಳ್ಳೋ ವಸ್ತುಗೆ ನಾನು ಅದನ್ನ ಹೇಳಲ್ಲ. ಓವನ್ ಸಿಗಲ್ಲ ಅನ್ನೋರು ಮರದ ಬಿಲ್ಲೆ ತಗೊಳ್ಳಿ, ಅದರ ಬಗ್ಗೆ ಆಮೇಲೆ ಬರ್ತೀನಿ.

ಲೆಕ್ಕ ಹೀಗೆ. ಅಡ್ಡಗಲ 3 ಸೆಂಟಿಮೀಟರ್, ದಪ್ಪ 3 ಮಿಲಿಮೀಟರ್ ಇರೋ ದುಂಡು ಬಿಲ್ಲೆಗೆ ಸುಮಾರು 4 ಗ್ರಾಂ ಕ್ಲೇ ಹೋಗತ್ತೆ. ಅಂಗಡಿಲಿ ಸಿಗೋ ಚಿಕ್ಕ ಪ್ಯಾಕೆಟ್ ಸಾಮಾನ್ಯವಾಗಿ 57 ಗ್ರಾಂ, ಉಳಿಕೆ ಚೂರುಗಳನ್ನ ಮತ್ತೆ ನಾದಿ ಲಟ್ಟಿಸಿದ್ರೆ ಒಂದು ಪ್ಯಾಕೆಟ್ಟಲ್ಲಿ ಡಜನ್ ಆರಾಮಾಗಿ ಬರತ್ತೆ. 3 ಸೆಂಟಿಮೀಟರ್‌ಗಿಂತ ದೊಡ್ಡದು ಬೇಡ, ಅಂಗಿ ಒಳಗೆ ಇಟ್ಕೊಳ್ಳೋಕೆ ಆಗಲ್ಲ, ಓಡೋವಾಗ ಎದೆಗೆ ಬಡಿಯತ್ತೆ. ದಾರ ಒಬ್ಬೊಬ್ಬರಿಗೆ 90 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, 20 ಜನಕ್ಕೆ 18 ಮೀಟರ್, 25 ಮೀಟರಿನ ರೋಲ್ ತಗೊಂಡ್ರೆ ಗಂಟು ತಪ್ಪಿದ್ದಕ್ಕೂ ಸೇರಿ ಸಾಕಾಗತ್ತೆ. ಮೇಣ ಹಚ್ಚಿದ ಹತ್ತಿ ದಾರ, 1.5 ಮಿಲಿಮೀಟರ್ ದಪ್ಪದ್ದು, ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಸ್ಯಾಟಿನ್ ರಿಬ್ಬನ್ ನೋಡೋಕೆ ಚೆನ್ನ, ಆದ್ರೆ ದಿನಾ ಹಾಕ್ಕೊಂಡ್ರೆ ಬೇಗ ನೂಲು ಬಿಟ್ಕೊಳ್ಳತ್ತೆ.

ಇದಲ್ಲದೆ ಬೇಕಾಗೋದು ಲಟ್ಟಣಿಗೆ ಅಥವಾ ನುಣುಪಾದ ಗಾಜಿನ ಬಾಟಲ್, 3 ಮಿಲಿಮೀಟರ್ ದಪ್ಪದ ಎರಡು ಪಟ್ಟಿ (ಸ್ಕೇಲ್ ಒಂದರ ಮೇಲೊಂದು ಇಟ್ರೂ ನಡೆಯತ್ತೆ), ದುಂಡಗೆ ಕತ್ತರಿಸೋಕೆ ಕಟರ್, ಅದಿಲ್ದಿದ್ರೆ ನೀರಿನ ಬಾಟಲ್ ಮುಚ್ಚಳ, ಹೆಚ್ಚುಕಮ್ಮಿ ಅದೇ ಸೈಜ್ ಇರತ್ತೆ. ಒಂದು ಸಾದಾ ಸೆರಾಮಿಕ್ ಟೈಲ್ಸ್ ತುಂಡು, ಟೂತ್‌ಪಿಕ್, ಸ್ಟ್ರಾ, ಅಕ್ರಿಲಿಕ್ ಪೇಂಟ್, ಮರಳು ಕಾಗದ. ಲಟ್ಟಣಿಗೆ ಕಟರ್ ಏನೇ ಆಗ್ಲಿ ಒಮ್ಮೆ ಈ ಕ್ಲೇಗೆ ಬಳಸಿದ್ಮೇಲೆ ಅಡುಗೆಗೆ ವಾಪಸ್ ಹೋಗಬಾರದು, ಹಳೇದೊಂದನ್ನ ಇದಕ್ಕೇ ಅಂತ ಎತ್ತಿಟ್ಬಿಡಿ.

ಬಿಲ್ಲೆ ಮಾಡೋದು

ಮೊದಲು ಕೈ ತೊಳ್ಕೊಳ್ಳಿ, ಉಣ್ಣೆ ಬಟ್ಟೆ ಸ್ವೆಟರ್ ಹಾಕ್ಕೊಂಡು ಕೂರ್ಬೇಡಿ, ಪಾಲಿಮರ್ ಕ್ಲೇ ಗಾಳಿಲಿರೋ ನೂಲೆಲ್ಲಾ ಎಳ್ಕೊಳ್ಳತ್ತೆ ಅದರಲ್ಲೂ ಬಿಳಿ ಬಣ್ಣದ್ದಾದ್ರೆ ಮುಗೀತು. ಎರಡು ಬಣ್ಣ ಇದ್ರೆ ತಿಳಿ ಬಣ್ಣದ ಕೆಲಸ ಪೂರ್ತಿ ಮುಗಿಸಿ ಆಮೇಲೆ ಗಾಢ ಬಣ್ಣ ಮುಟ್ಟಿ. ಪಾಲಿಶ್ ಮಾಡಿದ ಮರದ ಟೇಬಲ್ ಮೇಲೆ ಅಥವಾ ಪ್ಲಾಸ್ಟಿಕ್ ಡಬ್ಬಿಲಿ ಹಸಿ ಕ್ಲೇ ಇಟ್ಟು ಮರೀಬೇಡಿ, ಅದರೊಳಗಿರೋ ಮೆದುಗೊಳಿಸೋ ಎಣ್ಣೆಯಂಶ ಪಾಲಿಶ್‌ನೂ ಕೆಲವು ಪ್ಲಾಸ್ಟಿಕ್ಕನ್ನೂ ತಿನ್ನತ್ತೆ. ಟೈಲ್ಸ್ ಮೇಲೆ ಮಾಡಿದ್ರೆ ಈ ರಗಳೆ ಇಲ್ಲ, ಅಲ್ಲೇ ಮಾಡಿ, ಹಿಂದೆ ಹೆಸರು ಬರೆಯೋಕೆ ತಿರುಗಿಸೋದು ಬಿಟ್ರೆ ಎತ್ತದೇ ಹಾಗೇ ಓವನ್‌ಗೆ ಇಡ್ಬಹುದು, ಎತ್ತೋವಾಗ ಆಕಾರ ಕೆಡೋದೂ ತಪ್ಪತ್ತೆ.

ಕ್ಲೇನ ಚೆನ್ನಾಗಿ ನಾದಿ. ಪ್ಯಾಕೆಟ್ಟಿಂದ ತೆಗೆದಾಗ ಗಟ್ಟಿ ಇರತ್ತೆ, ಮಡಚಿದ್ರೆ ಅಂಚು ಬಿರೀತದೆ, ಬಿರಿಯೋದು ನಿಲ್ಲೋವರೆಗೂ ನಾದಬೇಕು, ಇಲ್ಲಿ ಅವಸರ ಮಾಡಿದ್ರೆ ಬೆಂದ್ಮೇಲೆ ಬಲ ಇರಲ್ಲ. ನಾದೋವಾಗ ಗಾಳಿ ಸೇರದ ಹಾಗೆ ಮಡಿಕೆನ ಒಂದು ಕಡೆಯಿಂದ ಒತ್ತಿಕೊಂಡು ಬನ್ನಿ. ಆಮೇಲೆ ಎರಡು ಪಟ್ಟಿ ಮಧ್ಯೆ ಇಟ್ಟು, ಲಟ್ಟಣಿಗೆ ಎರಡೂ ಪಟ್ಟಿ ಮೇಲೆ ಉರುಳೋ ಹಾಗೆ ಲಟ್ಟಿಸಿ, ಎಲ್ಲಾ ಕಡೆ ಒಂದೇ ದಪ್ಪ ಬರತ್ತೆ. ಇಪ್ಪತ್ತು ಬಿಲ್ಲೆ ಒಂದೇ ಕಡೆಯಿಂದ ಬಂದ ಹಾಗೆ ಕಾಣ್ಬೇಕು ಅಂದ್ರೆ ಗುಟ್ಟು ಇಷ್ಟೇ, ದಪ್ಪ ಒಂದೇ ಇರ್ಬೇಕು, ಡಿಸೈನ್ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಯಾರೂ ನೋಡಲ್ಲ.

ಕತ್ತರಿಸೋಕೂ ಮುಂಚೆ ಲಟ್ಟಿಸಿದ ಕ್ಲೇ ಮೇಲೆ ತೆಳು ಪ್ಲಾಸ್ಟಿಕ್ ರ‍್ಯಾಪ್ ಹಾಸಿ, ಅದರ ಮೇಲಿಂದ ಕಟರ್ ಒತ್ತಿ. ಅಂಚು ಚೂಪಾಗಿ ಬರೋ ಬದಲು ಮೆತ್ತಗೆ ದುಂಡಗೆ ಬರತ್ತೆ, ಆಮೇಲೆ ಉಜ್ಜೋ ಕೆಲಸ ಅರ್ಧಕ್ಕರ್ಧ ಉಳೀತದೆ. ಬೆರಳಚ್ಚು ಬಿದ್ದಿದ್ರೆ ಬೆರಳ ತುದಿಗೆ ಸ್ವಲ್ಪ ಕಾರ್ನ್‌ಫ್ಲೋರ್ ಹಚ್ಕೊಂಡು ಹಗುರವಾಗಿ ಸವರಿ.

ಈಗ ಚಿಹ್ನೆ. ಮೂವತ್ತು ಸಲ ಕೈಯಲ್ಲಿ ಕೊರೆಯೋ ಬದಲು ಒಂದು ಅಚ್ಚು ಮಾಡ್ಕೊಳ್ಳಿ: ಒಂದು ಕ್ಲೇ ಉಂಡೆನ ಚಪ್ಪಟೆ ಮಾಡಿ ಅದರ ಮೇಲೆ ತೆಳ್ಳಗೆ ಹೊಸೆದ ಕ್ಲೇ ಎಳೆಯಿಂದ ಮೀನೋ ಲಂಗರೋ ಬರೆದು ಅಂಟಿಸಿ ಬೇಯಿಸ್ಬಿಡಿ, ಅದೇ ನಿಮ್ಮ ಸೀಲು. ಅದರ ಮೇಲೂ ಕಾರ್ನ್‌ಫ್ಲೋರ್ ಸವರಿ ಪ್ರತಿ ಬಿಲ್ಲೆ ಮೇಲೂ ಒಂದೇ ಒತ್ತಡದಲ್ಲಿ ಒತ್ತುತ್ತಾ ಹೋಗಿ, ಒಂದು ಮಿಲಿಮೀಟರ್ ಆಳ ಬಿದ್ರೆ ಸಾಕು. ಒತ್ತಿದಾಗ ಬಿಲ್ಲೆ ಸ್ವಲ್ಪ ಹರಡತ್ತೆ, ಅದಕ್ಕೆ ಕೆಲವರು ಮೊದಲು ಅಚ್ಚು ಒತ್ತಿ ಆಮೇಲೆ ಕಟರ್ ಹಾಕ್ತಾರೆ, ಅದೇ ಒಳ್ಳೆ ಕ್ರಮ ಕೂಡ. ಲಂಗರು, ಹಕ್ಕಿ ಇಂಥದಕ್ಕೆ ಎಡಬಲ ತಿರುವು ಮುರುವು ಆಗತ್ತೆ ಅನ್ನೋದು ನೆನಪಿರ್ಲಿ, ಅಕ್ಷರ ಇದ್ರಂತೂ ಅಚ್ಚಿನಲ್ಲಿ ಕನ್ನಡಿಲಿ ಕಂಡ ಹಾಗೆ ಉಲ್ಟಾ ಬರೀಬೇಕು.

ಹಿಂಭಾಗಕ್ಕೆ ಹೆಸರು

ನನ್ನ ಪ್ರಕಾರ ಪೆಂಡೆಂಟಿನ ಮುಂಭಾಗಕ್ಕಿಂತ ಹಿಂಭಾಗ ಮುಖ್ಯ. ಮುಂದೆ ಎಲ್ಲರಿಗೂ ಒಂದೇ ಗುರುತು, ಹಿಂದೆ ಅವರವರ ಹೆಸರು ಅಥವಾ ಅವರಿಗೆ ಅಂತಲೇ ಆರಿಸಿದ ವಚನದ ಸಂಖ್ಯೆ. ವಚನ ಪೂರ್ತಿ ಬರೆಯೋಕೆ ಜಾಗ ಇಲ್ಲ, "ಯೆಹೋ 1:9" (ಯೆಹೋಶುವ) ಅಂತ ಇದ್ರೆ ಸಾಕು, ಹುಡುಕಿ ಓದ್ಕೊಳ್ತಾರೆ. ಪರೀಕ್ಷೆ, ಇಂಟರ್ವ್ಯೂ ಅಂತ ಹೆದರಿಕೊಂಡಿರೋರಿಗೆ, ಹೆದರಬೇಡ ಧೈರ್ಯವಾಗಿರು ಅನ್ನೋ ಆ ವಚನ ಚೆನ್ನಾಗಿ ಹೊಂದತ್ತೆ. ನನ್ನನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ ಅನ್ನೋ ಚಿಕ್ಕವರಿಗೆ 1 ತಿಮೊಥೆಯ 4:12, ಯೌವನಸ್ಥ ಅಂತ ಯಾರೂ ನಿನ್ನನ್ನ ತಾತ್ಸಾರ ಮಾಡದಿರಲಿ ಅಂತ ಪೌಲ ಬರೆದಿರೋ ಜಾಗ. ಗುಂಪಿಗೆ ಹೊಸದಾಗಿ ಬಂದೋರಿಗೆ ಯೆಶಾಯ 43:1, ಹೆಸರು ಹಿಡಿದು ಕರೆದಿದ್ದೀನಿ ಅನ್ನೋ ಮಾತು ಅಲ್ಲಿದೆ, ಅದರ ಪಕ್ಕ ಅವರ ಹೆಸರೂ ಇದ್ರೆ ಹೇಳ್ಬೇಕಾ. ವಚನ ಸಂಖ್ಯೆ ಕೊರೆಯೋ ಮುಂಚೆ ಬೈಬಲ್ ತೆಗೆದು ಒಂದ್ಸಲ ನೋಡ್ಕೊಳ್ಳಿ, ನೆನಪಿನ ಮೇಲೆ ಬರೆದ ಅಂಕಿ ಒಂದು ಆಚೀಚೆ ಆದ್ರೆ ಯಾವುದೋ ವಂಶಾವಳಿ ಪಟ್ಟಿಗೆ ಹೋಗಿ ನಿಲ್ಲತ್ತೆ.

ಕನ್ನಡ ಅಕ್ಷರ ಕ್ಲೇ ಮೇಲೆ ಬರೆಯೋಕೆ ಒಂಥರಾ ಅನುಕೂಲನೇ, ದುಂಡು ದುಂಡಾಗಿರೋದ್ರಿಂದ ಗೆರೆ ಹರಿಯಲ್ಲ. ಕಷ್ಟ ಕೊಡೋದು ಒತ್ತಕ್ಷರ, ಚಿಕ್ಕ ಜಾಗದಲ್ಲಿ ಒಂದಕ್ಕೊಂದು ಅಂಟ್ಕೊಂಡು ಗುಡ್ಡೆ ಆಗತ್ತೆ. ಕ್ರಿಸ್ಟೀನಾ ಅಂತ ಬರೀಬೇಕಾದ್ರೆ ಎರಡು ಒತ್ತು ಇದೆ, ಜಾಗ ಮೊದ್ಲೇ ಅಳ್ಕೊಳ್ಳಿ, ಇಲ್ಲಾ ಮೊದಲಕ್ಷರ ಮಾತ್ರ ಬರೀರಿ. ಬರೆಯೋಕೆ ಸೂಜಿ ಬೇಡ, ಅದು ಕ್ಲೇನ ಕೆರೆದು ಎಬ್ಬಿಸತ್ತೆ, ಖಾಲಿಯಾದ ಬಾಲ್‌ಪೆನ್ ತುದಿ ಬೆಸ್ಟ್. ಕೈಬರಹ ಚೆನ್ನಾಗಿಲ್ಲ ಅನ್ನೋರು ಲೇಸರ್ ಪ್ರಿಂಟರ್‌ನಲ್ಲಿ ಹೆಸರನ್ನ ಉಲ್ಟಾ ಪ್ರಿಂಟ್ ತೆಗೆದು, ಮುಖ ಕೆಳಗಾಗಿ ಹಸಿ ಕ್ಲೇ ಮೇಲೆ ಇಟ್ಟು, ಚಮಚದ ಬೆನ್ನಿಂದ ಚೆನ್ನಾಗಿ ಉಜ್ಜಿ, ಕಾಗದ ಸಮೇತ ಬೇಯಿಸಿ ಆಮೇಲೆ ಬಿಡಿಸಿದ್ರೆ ಅಕ್ಷರ ಕ್ಲೇಗೆ ಇಳಿದಿರತ್ತೆ. ಇಂಕ್‌ಜೆಟ್ ಪ್ರಿಂಟ್‌ನಲ್ಲಿ ಈ ಆಟ ನಡೆಯಲ್ಲ. ಎಲ್ಲಾ ಟೋನರ್ ಒಂದೇ ಥರ ಇಳಿಯಲ್ಲ, ಅದಕ್ಕೆ ಒಂದು ಚೂರಿನ ಮೇಲೆ ಮೊದಲು ನೋಡ್ಕೊಂಡು ಮುಂದುವರಿರಿ.

ತೂತು

ಬೇಯಿಸೋಕೂ ಮುಂಚೆನೇ ತೂತು ಆಗಿರ್ಬೇಕು. ತೆಳು ಸ್ಟ್ರಾದಿಂದ ಚುಚ್ಚಿದ್ರೆ ನೀಟಾಗಿ ಬರತ್ತೆ, 3 ಮಿಲಿಮೀಟರ್ ಅಗಲ, ಮತ್ತೆ ತೂತಿನ ಅಂಚಿಂದ ಬಿಲ್ಲೆ ಅಂಚಿಗೆ ಕನಿಷ್ಠ 3 ಮಿಲಿಮೀಟರ್ ಜಾಗ ಬಿಡಿ, ಪೆಂಡೆಂಟ್ ಮುರಿಯೋದು ಯಾವಾಗ್ಲೂ ಇಲ್ಲೇ. ಮರೆತಿದ್ರೆ ಬೆಂದ್ಮೇಲೆ ಕೈ ಡ್ರಿಲ್‌ನಲ್ಲಿ ಕೊರೀಬಹುದು, ಕೆಳಗೆ ಮರದ ತುಂಡು ಇಟ್ಟು ನಿಧಾನಕ್ಕೆ.

ಇಲ್ಲಿ ಬಹಳ ಜನ ಗಮನಿಸದ ವಿಷಯ ಒಂದಿದೆ. ಮುಂದಿಂದ ಹಿಂದಕ್ಕೆ ತೂತು ಮಾಡಿ ಅದರಲ್ಲಿ ದಾರ ನೇರವಾಗಿ ಪೋಣಿಸಿದ್ರೆ ಪೆಂಡೆಂಟ್ ತಿರುಗ್ಕೊಂಡು ಅಡ್ಡಡ್ಡ ನಿಲ್ಲತ್ತೆ, ಎದುರಿಗೆ ನಿಂತೋರಿಗೆ ಬರೀ ಅಂಚು ಕಾಣತ್ತೆ. ಎಷ್ಟು ಚಂದ ಮಾಡಿದ್ರೂ ಇದೊಂದು ತಪ್ಪಿದ್ರೆ ಅವರು ದಿನವಿಡೀ ಅದನ್ನ ತಿರುಗಿಸ್ತಾ ಇರ್ಬೇಕು, ಎರಡು ದಿನ ಆದ್ಮೇಲೆ ಬಿಚ್ಚಿಡ್ತಾರೆ. ಹಾಗಾಗಿ ಒಂದೋ ತೂತಿಗೆ ಒಂದು ಲೋಹದ ರಿಂಗ್ ಹಾಕಿ ದಾರನ ರಿಂಗ್ ಒಳಗೆ ತೂರಿಸ್ಬೇಕು, ಇಲ್ಲಾಂದ್ರೆ ದಾರನ ಮಧ್ಯಕ್ಕೆ ಮಡಚಿ, ಆ ಮಡಿಕೆನ ತೂತಲ್ಲಿ ಮುಂದಿಂದ ಹಿಂದಕ್ಕೆ ತಳ್ಳಿ, ದಾರದ ಎರಡೂ ತುದಿನ ಆ ಮಡಿಕೆ ಕುಣಿಕೆ ಒಳಗಿಂದ ಎಳೆದು ಬಿಗಿ ಮಾಡ್ಬೇಕು. ನಾನು ಇದನ್ನೇ ಮಾಡೋದು, ಲೋಹ ಬೇಡ, ಅಲರ್ಜಿ ಚಿಂತೆ ಇಲ್ಲ.

ರಿಂಗೇ ಬೇಕು ಅನ್ನೋರು 10 ಮಿಲಿಮೀಟರ್ ಅಗಲದ್ದು ತಗೊಳ್ಳಿ, ಚಿಕ್ಕದ್ರಲ್ಲಿ ಬಿಲ್ಲೆ ದಪ್ಪ ಮತ್ತು ದಾರ ಎರಡೂ ಹಿಡಿಸಲ್ಲ. ತೆರೆಯೋವಾಗ ಎರಡು ಇಕ್ಕಳದಲ್ಲಿ ಎರಡೂ ಕಡೆ ಹಿಡಿದು ಒಂದನ್ನ ಹಿಂದಕ್ಕೆ ಒಂದನ್ನ ಮುಂದಕ್ಕೆ, ಬಾಗಿಲು ತೆಗೆದ ಹಾಗೆ ತಿರುಗಿಸಿ, ಅಗಲಕ್ಕೆ ಜಗ್ಗಿದ್ರೆ ದುಂಡಗಿನ ಆಕಾರ ಕೆಟ್ಟು ಮತ್ತೆ ಸರಿಯಾಗಿ ಮುಚ್ಚಲ್ಲ. ನಿಕ್ಕಲ್ ಫ್ರೀ ಅಂತ ಬರೆದಿರೋದೇ ನೋಡಿ ತಗೊಳ್ಳಿ, ನಿಕ್ಕಲ್ ಆಗದೇ ಚರ್ಮ ತುರಿಸೋ ಮಕ್ಕಳು ಗುಂಪಲ್ಲಿ ಒಬ್ಬಿಬ್ಬರು ಇದ್ರೂ ಇರ್ಬಹುದು.

ಬೇಯಿಸೋದು

ಪ್ಯಾಕೆಟ್ ಮೇಲೆ ಬರೆದಿರೋ ಉಷ್ಣತೆನೇ ಪಾಲಿಸಿ, ಕಂಪನಿ ಕಂಪನಿಗೆ ಬೇರೆ. ಪ್ರೀಮೋ ಆದ್ರೆ 130 ಡಿಗ್ರಿ ಸೆಲ್ಸಿಯಸ್, ಫಿಮೋ ಆದ್ರೆ 110, ಎರಡಕ್ಕೂ ಅರ್ಧ ಗಂಟೆ ಇಟ್ರೆ 3 ಮಿಲಿಮೀಟರ್ ಬಿಲ್ಲೆ ಒಳಗಿನವರೆಗೂ ಗಟ್ಟಿ ಆಗತ್ತೆ. ಮೈಕ್ರೋವೇವ್ ಮೋಡ್‌ನಲ್ಲಿ ಯಾವತ್ತೂ ಇಡ್ಬೇಡಿ. ಓವನ್ ಡಯಲ್ ತೋರಿಸೋದಕ್ಕೂ ಒಳಗಿನ ನಿಜವಾದ ಬಿಸಿಗೂ ಇಪ್ಪತ್ತು ಡಿಗ್ರಿ ವ್ಯತ್ಯಾಸ ಇರೋದು ಮಾಮೂಲು, ಅದಕ್ಕೆ ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟು ನೋಡಿ, ಈ ಇಡೀ ಕೆಲಸದಲ್ಲಿ ದುಡ್ಡು ಹಾಕ್ಬೇಕಾದ ಸಾಮಾನು ಅಂದ್ರೆ ಅದೊಂದೇ. ಬಿಸಿ ಜಾಸ್ತಿ ಆಗಿ ಕ್ಲೇ ಸುಟ್ರೆ ಪಿವಿಸಿಯಿಂದ ಕಣ್ಣು ಗಂಟಲು ಉರಿಸೋ ಆಮ್ಲದ ಹೊಗೆ ಬರತ್ತೆ. ಹಾಗಾದ್ರೆ ಓವನ್ ಆಫ್ ಮಾಡಿ, ಕಿಟಕಿ ತೆಗೆದು, ಎಲ್ರೂ ಹೊರಗೆ ಹೋಗಿ. ಬೇಯಿಸೋವಾಗ ಮೇಲೆ ಅಲ್ಯೂಮಿನಿಯಂ ಫಾಯಿಲ್ ಗುಡಾರದ ಥರ ಮುಚ್ಚಿದ್ರೆ ಬಿಳಿ ಬಣ್ಣ ಕಂದಾಗಲ್ಲ.

ಓವನ್‌ನಿಂದ ತೆಗೆದಾಗ ಇನ್ನೂ ಸ್ವಲ್ಪ ಮೆತ್ತಗೆ ಇರತ್ತೆ, ಬೆಂದಿಲ್ಲ ಅನ್ಕೋಬೇಡಿ, ಆರಿದ್ಮೇಲೆ ಗಟ್ಟಿ ಆಗತ್ತೆ. ಒಂದು ತೆಳು ಚೂರನ್ನ ಜೊತೆಗೇ ಬೇಯಿಸಿ, ಆರಿದ್ಮೇಲೆ ಅದನ್ನ ಬಗ್ಗಿಸಿ ನೋಡಿ: ಸ್ವಲ್ಪ ಬಾಗಿ ವಾಪಸ್ ಬಂದ್ರೆ ಸರಿಯಾಗಿದೆ, ಪಟಕ್ ಅಂತ ಪುಡಿಪುಡಿಯಾಗಿ ಮುರಿದ್ರೆ ಇನ್ನೂ ಬೇಯ್ಬೇಕು, ಎಲ್ಲವನ್ನೂ ಮತ್ತೆ ಒಳಗಿಡಿ, ಸರಿಯಾದ ಉಷ್ಣತೆಲಿ ಎರಡನೇ ಸಲ ಬೇಯಿಸಿದ್ರೆ ಏನೂ ನಷ್ಟ ಇಲ್ಲ.

ಬಣ್ಣ, ಪಾಲಿಶ್

ಅಚ್ಚಿನ ಗೆರೆ ಎದ್ದು ಕಾಣ್ಬೇಕಲ್ಲ, ಗಾಢ ಕಂದು ಅಥವಾ ಕಪ್ಪು ಅಕ್ರಿಲಿಕ್ ಪೇಂಟ್‌ನ ಗೆರೆಯೊಳಗೆ ಬ್ರಶ್‌ನಿಂದ ತುಂಬಿ, ತಕ್ಷಣ ಒದ್ದೆ ಬಟ್ಟೆಲಿ ಮೇಲ್ಮೈ ಒರೆಸ್ಬಿಡಿ, ಗುಂಡಿಲಿರೋ ಬಣ್ಣ ಉಳ್ಕೊಂಡು ಮೇಲಿಂದು ಹೋಗತ್ತೆ. ಮಾಸಲು ಬಿಳಿ ಕ್ಲೇ ಮೇಲೆ ಕಂದು ಬಣ್ಣ ಹೀಗೆ ಒರೆಸಿದ್ರೆ ಹಳೇ ದಂತದ ಕೆತ್ತನೆ ಅನ್ನಿಸೋ ಲುಕ್ ಬರತ್ತೆ, ಕಲ್ಲು ಬೂದು ಬಣ್ಣಕ್ಕೆ ಕಪ್ಪು. ಒಂದೊಂದಾಗಿ ಮಾಡಿ, ಹತ್ತಕ್ಕೆ ಒಟ್ಟಿಗೆ ಬಣ್ಣ ಬಳಿದ್ರೆ ಒರೆಸೋಷ್ಟ್ರಲ್ಲಿ ಒಣಗಿರತ್ತೆ. ಅಂಚು ಒರಟಿದ್ರೆ 400, ಆಮೇಲೆ 600, 800 ನಂಬರಿನ ಮರಳು ಕಾಗದ, ನೀರಲ್ಲಿ ನೆನೆಸ್ಕೊಂಡು ಉಜ್ಜಿ, ಒಣದು ಉಜ್ಜಿದ್ರೆ ಧೂಳು ಮೂಗಿಗೆ.

ವಾರ್ನಿಶ್ ಹಾಕ್ಲೇಬೇಕು ಅಂತಿಲ್ಲ, ಪಾಲಿಮರ್ ಕ್ಲೇ ತಾನಾಗೇ ನೀರು ತಡೆಯತ್ತೆ, ಒಳಗಿನ ಬಣ್ಣ ಹೋಗದ ಹಾಗೆ ನೀರು ಮೂಲದ ಮ್ಯಾಟ್ ವಾರ್ನಿಶ್ ಒಂದು ತೆಳು ಕೋಟ್ ಸಾಕು. ನೈಲ್ ಪಾಲಿಶ್ ಮಾತ್ರ ಹಚ್ಚಬೇಡಿ, ಹೊಳಪು ಬರತ್ತೆ ಅಂತ ಹಚ್ತಾರೆ, ದಿನ ಕಳೆದ ಹಾಗೆ ಅದು ಕ್ಲೇ ಜೊತೆ ಸೇರಿ ಅಂಟಂಟಾಗಿ ಧೂಳೆಲ್ಲಾ ಹಿಡ್ಕೊಳ್ಳತ್ತೆ.

ದಾರ ಮತ್ತು ಜಾರೋ ಗಂಟು

ಕುತ್ತಿಗೆ ಅಳತೆ ಕೇಳ್ಕೊಂಡು ಹೋಗೋಕೆ ಆಗಲ್ಲ, ಕೊಂಡಿ ಹಾಕೋಕೆ ಹೋದ್ರೆ ಅದೇ ಮೊದಲು ಕೆಡೋದು. ಅದಕ್ಕೆ ಉದ್ದ ಹೆಚ್ಚುಕಮ್ಮಿ ಮಾಡ್ಕೊಳ್ಳೋ ಜಾರುಗಂಟು ಹಾಕ್ಬಿಡಿ, ಕುತ್ತಿಗೆ ಹತ್ತಿರ ಬೇಕು ಅನ್ನೋಳಿಗೂ ಅಂಗಿ ಒಳಗೆ ಇಳಿಸ್ಬೇಕು ಅನ್ನೋನಿಗೂ ಒಂದೇ ದಾರ ಆಗತ್ತೆ. ಇದು ಮೀನುಗಾರರು ಎರಡು ಹಗ್ಗ ಸೇರಿಸೋಕೆ ಹಾಕೋ ಗಂಟಿನ ತಮ್ಮ. ಶಿಷ್ಯರಲ್ಲಿ ನಾಲ್ವರು ಮೀನುಗಾರರೇ ಆಗಿದ್ರಲ್ಲ, ಮೀನಿನ ಪೆಂಡೆಂಟ್ ಮಾಡಿದ್ರೆ ಮಾತಾಡೋಕೆ ಒಂದು ವಿಷಯ ಸಿಕ್ತು.

ಪೆಂಡೆಂಟ್ ಸೇರಿಸಿ ಆದ್ಮೇಲೆ ದಾರನ ಟೇಬಲ್ ಮೇಲೆ ದುಂಡಗೆ ಇಡಿ, ಮೇಲ್ಗಡೆ ಎರಡು ತುದಿನೂ ಎದುರುಬದುರು ದಿಕ್ಕಿಗೆ ಹೋಗೋ ಹಾಗೆ ಪಕ್ಕಪಕ್ಕ ಮಲಗಿಸಿ, ಸುಮಾರು 15 ಸೆಂಟಿಮೀಟರ್ ಜೋಡಿಯಾಗಿ ಹಾಯ್ದಿರ್ಲಿ. ಬಲಗಡೆ ಇರೋ ತುದಿ ಹಿಡ್ಕೊಳ್ಳಿ. ಅದನ್ನ ವಾಪಸ್ ಎಡಕ್ಕೆ ಮಡಚಿ, ಪಕ್ಕದ ದಾರ ಮತ್ತೆ ತನ್ನದೇ ಮೈ ಎರಡನ್ನೂ ಸೇರಿಸಿ ಸುತ್ತಿ, ಎರಡು ಸುತ್ತು, ಬಿಗಿ ಮಾಡ್ಬೇಡಿ. ಈಗ ಅದೇ ತುದಿನ ಆ ಎರಡು ಸುತ್ತಿನ ಒಳಗಿಂದ ತೂರಿಸಿ ಆಚೆ ಎಳೀರಿ, ಸುತ್ತುಗಳು ಪಕ್ಕಪಕ್ಕ ಕೂತ್ಕೊಂಡು ಗಂಟು ಆಗತ್ತೆ. ದಾರನ ಹಾಗೇ ತಿರುಗಿಸಿ ಇನ್ನೊಂದು ತುದಿಗೂ ಇದನ್ನೇ ಮಾಡಿ. ಎರಡು ಗಂಟನ್ನ ದೂರ ಎಳೆದ್ರೆ ಹಾರ ಚಿಕ್ಕದಾಗತ್ತೆ, ಹತ್ತಿರ ತಂದ್ರೆ ದೊಡ್ಡದಾಗತ್ತೆ. ಗಂಟು ತುಂಬಾ ಬಿಗಿ ಆದ್ರೆ ಜಾರಲ್ಲ, ತುಂಬಾ ಸಡಿಲ ಆದ್ರೆ ನಿಲ್ಲಲ್ಲ, ಕೈಗೆ ಸ್ವಲ್ಪ ತಡೆ ಕೊಟ್ಟು ಜಾರೋ ಹಾಗಿದ್ರೆ ಸರಿ. ಪೂರ್ತಿ ಬಿಚ್ಚಿದಾಗ ಸುತ್ತಳತೆ 65 ಸೆಂಟಿಮೀಟರ್ ಮೇಲೆ ಇರ್ಬೇಕು, ಇಲ್ಲಾಂದ್ರೆ ತಲೆ ತೂರಲ್ಲ. ಉಳಿದ ತುದಿನ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಹತ್ತಿ ದಾರ ಆದ್ರೆ ಒಂದು ತೊಟ್ಟು ಫ್ಯಾಬ್ರಿಕ್ ಗ್ಲೂ, ನೈಲಾನ್ ಆದ್ರೆ ಲೈಟರ್ ಬೆಂಕಿ ಒಂಚೂರು ತೋರಿಸಿ ಕರಗಿಸಿ.

ಒಂದು ಎಚ್ಚರಿಕೆ ಹೇಳ್ಲೇಬೇಕು. ಈ ಗಂಟು ಎಳೆದ್ರೆ ತಾನಾಗಿ ಬಿಚ್ಚಲ್ಲ. ಆಟ ಆಡೋವಾಗ, ಮೆಷಿನ್ ಹತ್ರ ಕೆಲಸ ಮಾಡೋವಾಗ, ಮಲಗೋವಾಗ ತೆಗೆದಿಡಿ ಅಂತ ಕಾರ್ಡಲ್ಲೇ ಬರೀರಿ. ಗುಂಪಲ್ಲಿ ಚಿಕ್ಕವರಿದ್ರೆ, ಅಥವಾ ತಮ್ಮ ತಂಗಿಗೆ ದಾಟಿಸೋ ಸಾಧ್ಯತೆ ಇದ್ರೆ, ಜಗ್ಗಿದ ತಕ್ಷಣ ಬಿಟ್ಕೊಳ್ಳೋ ಪ್ಲಾಸ್ಟಿಕ್ ಕೊಂಡಿ ಸಿಗತ್ತೆ, ಅದನ್ನ ಹಾಕಿ.

ಓವನ್ ಇಲ್ದೋರಿಗೆ

ಮರದ ಬಿಲ್ಲೆ ರೆಡಿಮೇಡ್ ಸಿಗತ್ತೆ, 3 ಸೆಂಟಿಮೀಟರಿನದ್ದು, 2 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ತೂತು ಕೊರೆದು ಸ್ವಲ್ಪ ಉಜ್ಜಿ ಅಗಲ ಮಾಡಿ, ಇಲ್ಲಾಂದ್ರೆ ಮಡಚಿದ ದಾರ ಹೋಗಲ್ಲ. ನೇರವಾಗಿ ಮಾರ್ಕರ್‌ನಲ್ಲಿ ಬರೆದ್ರೆ ಮರದ ನಾರಿನ ಉದ್ದಕ್ಕೂ ಇಂಕ್ ಹರಡತ್ತೆ, ಮೊದಲು ತೆಳು ವಾರ್ನಿಶ್ ಅಥವಾ ನೀರು ಬೆರೆಸಿದ ಬಿಳಿ ಅಂಟು ಒಂದು ಕೋಟ್ ಹಚ್ಚಿ ಒಣಗಿಸಿ ಆಮೇಲೆ ಬರೀರಿ, ಮೇಲೊಂದು ವಾರ್ನಿಶ್. ಮರ ಸುಡೋ ಪೆನ್ ಇದ್ರೆ ವಾರ್ನಿಶ್ ಹಚ್ಚೋಕೂ ಮುಂಚೆ, ಖಾಲಿ ಮರದ ಮೇಲೇ ಬರೀಬೇಕು, ಇದರಲ್ಲಿ ತೌ ಶಿಲುಬೆ ಬಹಳ ಚೆನ್ನಾಗಿ ಕಾಣತ್ತೆ.

ಗಾಜಿನ ಗುಮ್ಮಟ ಮತ್ತು ಲೋಹದ ತಟ್ಟೆ ಇರೋ ಸೆಟ್ ಇನ್ನೊಂದು ದಾರಿ, 25 ಮಿಲಿಮೀಟರಿನದ್ದು ಸುಲಭವಾಗಿ ಸಿಗತ್ತೆ, ಪ್ರಿಂಟ್ ಮಾಡಿದ ಕಾಗದನ ಗಾಜಿನ ಚಪ್ಪಟೆ ಬದಿಗೆ ಪಾರದರ್ಶಕ ಅಂಟಿಂದ ಗುಳ್ಳೆ ಬರದ ಹಾಗೆ ಅಂಟಿಸಿ ತಟ್ಟೆಗೆ ಕೂರಿಸೋದು. ಬೇಗ ಆಗತ್ತೆ, ಆದ್ರೆ ಕೊಂಡು ತಂದಿದ್ದು ಅನ್ನೋ ಥರ ಕಾಣತ್ತೆ.

ರೆಸಿನ್, ಅಂದ್ರೆ ಸುರಿದಾಗ ದ್ರವ ಇದ್ದು ಆಮೇಲೆ ಗಾಜಿನ ಥರ ಗಟ್ಟಿ ಆಗೋ ಪ್ಲಾಸ್ಟಿಕ್, ಇದರ ಬಗ್ಗೆ ಎಲ್ರೂ ಕೇಳ್ತಾರೆ, ಅದರೊಳಗೆ ನಿಜವಾದ ಸಾಸಿವೆ ಕಾಳು ಇಟ್ಟು ಮತ್ತಾಯ 17:20 ಅಂತ ಮಾಡಿದ್ರೆ ನೋಡೋಕೆ ನಿಜಕ್ಕೂ ಅದ್ಭುತ. ಆದ್ರೆ ಗಟ್ಟಿ ಆಗದ ರೆಸಿನ್ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಶುರುವಾದ್ರೆ ಅದು ಜೀವನಪೂರ್ತಿ ಉಳಿಯೋ ಚಾನ್ಸ್ ಇದೆ, ನೈಟ್ರೈಲ್ ಗ್ಲೌಸ್, ಗಾಳಿ ಆಡೋ ಜಾಗ ಎರಡೂ ಇಲ್ದೆ ಮುಟ್ಟಬೇಡಿ, ಮಕ್ಕಳನ್ನ ಕೂರಿಸ್ಕೊಂಡು ಮಾಡೋ ಕೆಲಸ ಅಂತೂ ಅಲ್ವೇ ಅಲ್ಲ. ಎರಡು ಬಾಟಲ್‌ನ ಎಪಾಕ್ಸಿ ಆದ್ರೆ ಅಳತೆ ಕರೆಕ್ಟಾಗಿ ಬೆರೆಸಿ ಒಂದು ದಿನ ಪೂರ್ತಿ ಮುಟ್ಟದೇ ಬಿಡ್ಬೇಕು, ಅಳತೆ ತಪ್ಪಿದ್ರೆ ಎಷ್ಟು ದಿನ ಕಾದ್ರೂ ಅಂಟಂಟೇ.

ಯಾರು ಮಾಡೋದು, ಹೇಗೆ ಕೊಡೋದು

ಗುಟ್ಟಾಗಿ ಮಾಡಿ ಕೊಡೋದಾದ್ರೆ ಇಬ್ಬರು ಮೂವರು ಕೂತು ಕೆಲಸ ಹಂಚ್ಕೊಳ್ಳಿ: ಒಬ್ಬರು ಲಟ್ಟಿಸಿ ಕತ್ತರಿಸೋದು, ಒಬ್ಬರು ಅಚ್ಚು ಮತ್ತು ತೂತು, ಒಬ್ಬರು ಹೆಸರು. ಒಬ್ಬರೇ ಪೂರ್ತಿ ಒಂದೊಂದು ಬಿಲ್ಲೆ ಮಾಡ್ತಾ ಹೋದ್ರೆ ಮೊದಲನೇದಕ್ಕೂ ಕೊನೇದಕ್ಕೂ ಸಂಬಂಧವೇ ಇರಲ್ಲ. ಇಲ್ಲಾ, ಬಿಲ್ಲೆ ಎಲ್ಲಾ ಬೇಯಿಸಿ ಇಟ್ಕೊಂಡು, ಬಣ್ಣ ಒರೆಸೋದು ಮತ್ತು ಗಂಟು ಹಾಕೋದನ್ನ ಯೂತ್ ಮೀಟಿಂಗ್‌ನಲ್ಲೇ ಮಕ್ಕಳಿಂದ ಮಾಡಿಸಿ, ಪ್ರತಿಯೊಬ್ಬರೂ ಚೀಟಿ ಎತ್ತಿ ಬೇರೆಯವರ ಪೆಂಡೆಂಟ್ ಮುಗಿಸ್ಬೇಕು ಅಂತ. ಇದು ನನಗೆ ಹೆಚ್ಚು ಇಷ್ಟ, ಪಕ್ಕದೋನು ಗಂಟು ಹಾಕ್ಕೊಟ್ಟ ದಾರ ಅಂದ್ರೆ ಬಿಚ್ಚಿ ಎಸೆಯೋಕೆ ಮನಸ್ಸು ಬರಲ್ಲ.

ಪ್ಯಾಕಿಂಗ್‌ಗೆ ತಲೆ ಕೆಡಿಸ್ಕೋಬೇಡಿ, ಚಿಕ್ಕ ಬಟ್ಟೆ ಚೀಲ, ಅದರಲ್ಲೊಂದು ಕಾರ್ಡ್. ಕಾರ್ಡಲ್ಲಿ ಚಿಹ್ನೆ ಯಾಕೆ ಅಂತ ಎರಡು ಸಾಲು, ವಚನ ಪೂರ್ತಿ, ತೆಗೆದಿಡೋ ಎಚ್ಚರಿಕೆ, ಪರ್ಫ್ಯೂಮ್ ಮತ್ತು ಸ್ಯಾನಿಟೈಸರ್ ಬಿಲ್ಲೆ ಮೇಲೆ ಬೀಳದಿರಲಿ ಅನ್ನೋ ಮಾತು. ಹೆಸರಿನ ಸ್ಪೆಲ್ಲಿಂಗ್ ಪಟ್ಟಿನ ಬೇರೆ ಯಾರಾದ್ರೂ ಒಬ್ಬರಿಗೆ ತೋರಿಸಿ ಚೆಕ್ ಮಾಡಿಸಿ, ಜೋಸೆಫ್ ಜೋಸೆಫನಾಗೇ ಇರ್ಲಿ.

ಕೊನೇದಾಗಿ ಹೆಚ್ಚುವರಿ. ಪಟ್ಟಿಲಿ 20 ಹೆಸರಿದ್ರೆ 24 ಬಿಲ್ಲೆ ಮಾಡಿ, ನಾಲ್ಕಕ್ಕೆ ಹೆಸರು ಬರೀದೇ ಬೇಯಿಸಿಡಿ. ಕೊಡೋ ದಿನ ಯಾರದೋ ಕಸಿನ್ ಜೊತೆಲಿ ಬಂದಿರ್ತಾನೆ, ಮುಂದಿನ ತಿಂಗಳು ಹೊಸಬರೊಬ್ಬರು ಸೇರ್ತಾರೆ, ಎಲ್ರ ಕುತ್ತಿಗೆಲೂ ಇದ್ದು ಅವರಿಗೆ ಮಾತ್ರ ಇಲ್ಲ ಅಂತಾಗ್ಬಾರ್ದು. ಬೆಂದ ಬಿಲ್ಲೆ ಹಿಂದೆ ಅಕ್ರಿಲಿಕ್ ಪೆನ್‌ನಲ್ಲಿ ಹೆಸರು ಬರೆದು ಮೇಲೊಂದು ವಾರ್ನಿಶ್ ಹಾಕಿದ್ರೆ ಅವತ್ತೇ ಕೊಡ್ಬಹುದು. ಅದಕ್ಕೆ ಬೇಕಾದಷ್ಟು ದಾರನೂ 90 ಸೆಂಟಿಮೀಟರಿನ ತುಂಡು ಮಾಡಿ ಅದೇ ಡಬ್ಬಿಲಿ ಇಟ್ಟಿರಿ, ಹಳೇ ದಾರ ಸವೆದು ಹೋದೋರು ಬಂದು ಕೇಳ್ದಾಗ್ಲೂ ಬೇಕಾಗತ್ತೆ.